ಕುರ್ಚಿಯ ಹಿಂದೆ ನಿಂತವರು

ನಾನು ಇಂಗ್ಲಿಷ್ ಕಲಿತದ್ದು ಕಾಲಿನಿಂದ. ನಗಬೇಡಿ. ಕೈಯಿಂದ ಕಲಿಯಲು ಬಿಡಲಿಲ್ಲ, ಕಿವಿಯಿಂದ ಕಲಿಯಲು ಬಿಡಲಿಲ್ಲ, ಬಾಯಿಂದ ಅಂತೂ ಬಿಡಲೇ ಇಲ್ಲ. ಉಳಿದದ್ದು ಕಣ್ಣು ಮತ್ತು ಕಾಲು. ಅವೆರಡನ್ನೇ ಇಟ್ಟುಕೊಂಡು ಒಂಬತ್ತನೇ ಕ್ಲಾಸಿನಲ್ಲಿ ಒಂದು ವರ್ಷ ಕಂಪ್ಯೂಟರ್ ಕೋಣೆಯಲ್ಲಿ ನಿಂತಿದ್ದೆ. ನಿಂತಿದ್ದೆ ಅಂತ ಬರೆಯುವಾಗ ಈಗಲೂ ಹಿಮ್ಮಡಿ ನೋಯುತ್ತದೆ, ಸಿಟ್ಟೂ ಬರುತ್ತದೆ.

ನಮ್ಮೂರು ಸಂಡೂರು ತಾಲ್ಲೂಕಿನದು. ಒಂದು ಕಡೆ ವಡ್ಡು, ಇನ್ನೊಂದು ಕಡೆ ಕುರೆಕುಪ್ಪ, ನಡುವೆ ಲಾರಿಗಳು, ಆ ಲಾರಿಗಳ ನಡುವೆ ಎಲ್ಲೋ ನಾವು. ಅದಿರಿಗೆ ಬಂಗಾರದ ಬೆಲೆ ಬಂದ ಕಾಲ ಅದು. ಬೇವಿನ ಮರ ಕೆಂಪು, ಗುಡಿಯ ಗೋಡೆ ಕೆಂಪು, ರಸ್ತೆ ಬದಿ ಮಲಗಿದ ನಾಯಿ ಕೆಂಪು. ಊರ ಗೌಡರ ಮಾಳಿಗೆಯ ಮೇಲೂ ಅದೇ ಧೂಳು, ನಮ್ಮ ಕೇರಿಯ ತಗಡಿನ ಮೇಲೂ ಅದೇ ಧೂಳು. ಧೂಳು ಎಲ್ಲರ ಮೇಲೂ ಬಿತ್ತು. ಆದರೆ ಧೂಳಿನವರು ಅಂತ ಹೆಸರು ಬಂದದ್ದು ನಮಗೆ ಮಾತ್ರ.

ಗಣಿ ಕಂಪನಿಯವರು ನಮ್ಮ ಹೈಸ್ಕೂಲಿಗೆ ಕಂಪ್ಯೂಟರ್ ಕೋಣೆ ಕಟ್ಟಿಸಿಕೊಟ್ಟರು. ಬಿಳಿ ಟೈಲ್ಸು, ಕಿಟಕಿಗೆ ನೀಲಿ ಪರದೆ, ತಣ್ಣಗೆ ಗಾಳಿ ಬಿಡುವ ಮಿಷನ್ನು, ಮಾಳಿಗೆಯ ಮೇಲೆ ಇಂಟರ್ನೆಟ್ಟಿನ ದೊಡ್ಡ ಛತ್ರಿ. ಇಂಗ್ಲಿಷ್ ಹೇಳುವ ಹಾಲಸ್ವಾಮಿ ಸರ್‌ಗೆ ಅದರ ಉಸ್ತುವಾರಿ. ಹಾಲಸ್ವಾಮಿ ಸರ್ ಕೆಟ್ಟವರು ಅಂತ ಯಾರೂ ಅನ್ನುತ್ತಿರಲಿಲ್ಲ. ಬೆತ್ತ ಹಿಡಿದವರಲ್ಲ, ಕೂಗಿದವರಲ್ಲ. ಮೆತ್ತಗೆ ಮಾತಾಡಿಯೇ ಎಲ್ಲ ಮಾಡುತ್ತಿದ್ದರು. ಆ ಮೆತ್ತಗಿನ ದನಿ ಈಗಲೂ ನನಗೆ ಆಗಿಬರುವುದಿಲ್ಲ.

ಮೊದಲ ದಿನವೇ ಬಾಗಿಲಲ್ಲಿ ನಿಂತು ಕೈ ನೋಡಿದರು. ಊರಿನ ಹುಡುಗರು ಕೈ ಚಾಚಿದರು, ಒಳಗೆ ಹೋದರು, ಕುರ್ಚಿ ಹಿಡಿದು ಕುಳಿತರು. ನಮ್ಮ ಕೇರಿಯವರ ಸರದಿ ಬಂದಾಗ ನಮ್ಮ ಅಂಗೈ ತಿರುಗಿಸಿ ಮುರುಗಿಸಿ ನೋಡಿದರು. ಅಂಗೈಯ ಗೆರೆಗಳಲ್ಲಿ ಕೆಂಪು ಕೂತಿತ್ತು. ಭಾನುವಾರ ಅವ್ವನ ಜೊತೆ ಪ್ಲಾಟಿಗೆ ಹೋದರೆ ಅದು ವಾರವಿಡೀ ಹೋಗುವುದಿಲ್ಲ. ಅದಿರು ತಂದು ರಾಶಿ ಸುರಿಯುವ ಬಯಲಿಗೆ ಪ್ಲಾಟು ಅನ್ನುತ್ತಾರೆ. ಮಿಷನ್ ಒಳಗೆ ಧೂಳು ಹೋದರೆ ಸುಟ್ಟುಹೋಗುತ್ತದೆ, ಅದಕ್ಕೆ ನೀವು ಕುರ್ಚಿ ಹಿಂದೆ ನಿಂತು ನೋಡಿ ಕಲಿಯಿರಿ, ಕೈ ಹಿಂದೆ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಅವು ತಾವೇ ಮುಂದೆ ಹೋಗುತ್ತವೆ ಅಂದರು. ಜಾತಿ ಅನ್ನಲಿಲ್ಲ. ಧೂಳು ಅಂದರು. ಜಾತಿ ಅಂದಿದ್ದರೆ ಕೇಸು ಹಾಕಬಹುದಿತ್ತು. ಧೂಳಿಗೆ ಯಾವ ಕೇಸು?

ಕೋಣೆ ಗುಡಿಸುವ ಕೆಲಸ ಮಾತ್ರ ನಮ್ಮದೇ ಆಯಿತು. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನಾನು, ಗಿರೀಶ, ಇನ್ನೂ ನಾಲ್ಕಾರು ಮಂದಿ ಕಸ ಹೊಡೆದು, ನೆಲ ಒರೆಸಿ, ಒದ್ದೆ ಬಟ್ಟೆಯಲ್ಲಿ ಕಂಪ್ಯೂಟರಿನ ಪರದೆ, ಕೀಬೋರ್ಡು, ಮೌಸು ಎಲ್ಲ ಒರೆಸುತ್ತಿದ್ದೆವು. ಬಟ್ಟೆ ಹಿಡಿದ ಕೈ ಕೀಬೋರ್ಡು ಮುಟ್ಟಬಹುದಿತ್ತು. ಬರಿಗೈ ಮುಟ್ಟಬಾರದಿತ್ತು. ಗಿರೀಶ ಒಮ್ಮೆ ಒರೆಸುತ್ತಾ ತನ್ನ ಹೆಸರಿನ ಅಕ್ಷರಗಳನ್ನು ಬಟ್ಟೆಯ ಮೇಲಿಂದಲೇ ಒಂದೊಂದಾಗಿ ಒತ್ತಿದ್ದ. ಮಿಷನ್ ಆಫ್ ಇತ್ತು. ಆದರೂ ಒತ್ತಿ ಬಂದು ಇಡೀ ದಿನ ನಗುತ್ತಿದ್ದ.

ಇನ್ನು ಪಾಠ. ಪರದೆಯ ಮೇಲೆ ಒಂದು ಚಿತ್ರ ಬರುತ್ತಿತ್ತು. ಅದರ ಕೆಳಗೆ ನಾಲ್ಕು ವಾಕ್ಯ. ಸರಿಯಾದದ್ದನ್ನು ಒತ್ತಿದರೆ ಒಂದು ನಕ್ಷತ್ರ. ತಪ್ಪಾದರೆ ಮೂಲೆಯಲ್ಲಿದ್ದ ಒಂದು ಹೆಂಗಸಿನ ಮುಖ ಏನೋ ಹೇಳುತ್ತಿತ್ತು. ಉತ್ತರ ಸರಿಯಾದ ಮೇಲೆ ಅದೇ ಮುಖ ಸರಿಯಾದ ವಾಕ್ಯವನ್ನು ನಿಧಾನವಾಗಿ ಆಡಿ ತೋರಿಸುತ್ತಿತ್ತು. ನಾಲಿಗೆ ಎಲ್ಲಿ ತಾಗಬೇಕು, ತುಟಿ ಎಷ್ಟು ದುಂಡಗಾಗಬೇಕು ಅಂತ ದೊಡ್ಡದಾಗಿ ಕಾಣಿಸುತ್ತಿತ್ತು. ಕುಳಿತವರು ಮೈಕಿನಲ್ಲಿ ಅದನ್ನೇ ಹೇಳಬೇಕು. ಸರಿಯಾಗಿದ್ದರೆ ಮತ್ತೊಂದು ನಕ್ಷತ್ರ. ಎಲ್ಲ ನಕ್ಷತ್ರಗಳೂ ಕ್ಲಾಸಿನ ಪುಟದಲ್ಲಿ ಅವರವರ ಹೆಸರಿನ ಮುಂದೆ ಸೇರುತ್ತಿದ್ದವು. ಬೆಂಗಳೂರಿನಲ್ಲಿ ಕೂತ ಕಂಪನಿ ಫೌಂಡೇಶನ್ನಿನವರೂ ಆ ಪುಟ ನೋಡುತ್ತಾರೆ ಅಂತ ಸರ್ ಹೇಳಿದ್ದರು.

ಆ ಪುಟದಲ್ಲಿ ನಮ್ಮ ಹೆಸರೇ ಇರಲಿಲ್ಲ. ಮುಟ್ಟದವರಿಗೆ ಹೆಸರು ಯಾಕೆ?

ದನಿಯೂ ನಮಗಿರಲಿಲ್ಲ. ಅದು ಹೆಡ್‌ಫೋನಿನ ಒಳಗಿತ್ತು. ಹೆಡ್‌ಫೋನಿಗೂ ಧೂಳು ಆಗದು. ಹಾಗಾಗಿ ನಾವು ನೋಡಿದ್ದು ಬರೀ ಬಾಯಿ. ಸದ್ದಿಲ್ಲದ ಬಾಯಿ. ಸಂಜೆ ಕೇರಿಗೆ ಬಂದು ಕಟ್ಟೆಯ ಮೇಲೆ ಸಾಲಾಗಿ ಕುಳಿತು ಆ ಬಾಯಿಯನ್ನೇ ಮಾಡುತ್ತಿದ್ದೆವು. ತುಟಿ ಮುಂದೆ ಚಾಚುವುದು, ಹಲ್ಲಿನ ನಡುವೆ ನಾಲಿಗೆ ಇಡುವುದು. ನನ್ನ ಅಜ್ಜಿ ಮುದುಕಮ್ಮ ನೋಡಿ, ಹುಡುಗರಿಗೆಲ್ಲಾ ಒಂದೇ ಸಲ ಬಾಯಿ ಸೊಟ್ಟಾಗಿದೆ ಅಂತ ಗಾಬರಿಯಾಗಿ ನನ್ನ ಕೆನ್ನೆಗೆ ಬಿಸಿ ಎಣ್ಣೆ ತಿಕ್ಕಿದಳು. ನಾವು ಬಿದ್ದು ಬಿದ್ದು ನಕ್ಕೆವು. ಅಷ್ಟು ನಗು ಆ ವರ್ಷ ಮತ್ತೆ ಬರಲಿಲ್ಲ.

ನಾನು ನಿಲ್ಲುತ್ತಿದ್ದದ್ದು ಐಶ್ವರ್ಯಳ ಹಿಂದೆ. ಅವಳ ಅಪ್ಪನಿಗೆ ಲಾರಿಗಳಿದ್ದವು. ಹುಡುಗಿ ಕೆಟ್ಟವಳಲ್ಲ, ದಡ್ಡಿಯೂ ಅಲ್ಲ. ಅವಸರದವಳು. ಓದುವ ಮೊದಲೇ ಒತ್ತಿಬಿಡುತ್ತಿದ್ದಳು. ಒಂದು ದಿನ ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ತಪ್ಪು ಒತ್ತಿದಳು. ಉತ್ತರ ನನ್ನ ಕಣ್ಣ ಮುಂದೆಯೇ ಇದೆ. ಕೈ ಹಿಂದೆ ಕಟ್ಟಿದೆ. ಮಾತಾಡುವ ಹಾಗಿಲ್ಲ. ಸಿಟ್ಟು ತಡೆಯಲಾರದೆ ಅವಳ ಕುರ್ಚಿಯ ಕಾಲಿಗೆ ಹೆಬ್ಬೆರಳಿನಿಂದ ಒದ್ದೆ. ಒಂದು, ಎರಡು, ಮೂರು. ಅವಳು ತಿರುಗಿ ನೋಡಿದಳು. ಆಮೇಲೆ ಮೂರನೆಯದನ್ನು ಒತ್ತಿದಳು. ನಕ್ಷತ್ರ ಬಂತು.

ಅಂದಿನಿಂದ ಅದೇ ನಡೆಯಿತು. ಒಂದು ಒದೆತ ಅಂದರೆ ಮೊದಲನೆಯದು, ಎರಡು ಅಂದರೆ ಎರಡನೆಯದು. ಅವಳು ಕುರ್ಚಿಯನ್ನು ತುಸು ಹಿಂದಕ್ಕೆ ವಾಲಿಸಿ ಕೂರುವುದನ್ನು ಕಲಿತಳು. ನಾನು ಒಂದೇ ಕಾಲಿನ ಮೇಲೆ ನಿಲ್ಲುವುದನ್ನು ಕಲಿತೆ. ಐಶ್ವರ್ಯಳ ಹೆಸರಿನ ಮುಂದೆ ನಕ್ಷತ್ರಗಳು ಮೇಲೇರಿದವು. ಮೈಕಿನಲ್ಲಿ ಹೇಳಿದ್ದು ಅವಳೇ, ಅದು ಅವಳ ಸ್ವಂತದ್ದು, ಸುಳ್ಳು ಹೇಳಬಾರದು. ಆದರೆ ಉತ್ತರ ನನ್ನವು. ನನಗೂ ಒಂದು ತರಹದ ಖುಷಿ ಇತ್ತು. ಹೆಸರು ಯಾರದ್ದಾದರೂ ಇರಲಿ, ಮಿಷನ್ನು ನನ್ನ ಮಾತು ಕೇಳುತ್ತಿದೆಯಲ್ಲ ಅಂತ. ಅಕ್ಕಪಕ್ಕದವರು ಇದನ್ನು ಕಂಡುಕೊಂಡರು. ದಸರೆ ರಜೆ ಬರುವ ಹೊತ್ತಿಗೆ ಕೋಣೆಯ ತುಂಬ ಕುರ್ಚಿಗಳು ಟಕ್ ಟಕ್ ಅನ್ನುತ್ತಿದ್ದವು.

ಸಂಕ್ರಾಂತಿಯಾದ ಮೇಲೆ ಸರ್ ಒಂದು ಸುದ್ದಿ ತಂದರು. ಹೊಸಪೇಟೆ ಕಡೆ ಕಂಪನಿಯ ವಸತಿ ಶಾಲೆ ಇದೆ. ಊಟ, ಬಟ್ಟೆ, ಕಾಲೇಜಿನ ತನಕ ಓದು ಎಲ್ಲ ಅವರದೇ. ನಮ್ಮ ಶಾಲೆಯಿಂದ ಒಬ್ಬರನ್ನು ಸೇರಿಸಿಕೊಳ್ಳುತ್ತಾರೆ. ಯಾರನ್ನು ಅಂತ ಆ ಪುಟದ ನಕ್ಷತ್ರ ನೋಡಿ ನಿರ್ಧರಿಸುತ್ತಾರೆ. ಫೌಂಡೇಶನ್ನಿನ ಮೇಡಂ ಒಬ್ಬರು ಸ್ವತಃ ಬಂದು ಮಕ್ಕಳು ಒತ್ತುವುದನ್ನು ನೋಡುತ್ತಾರೆ.

ಆ ಸೀಟು ನನಗೆ ಬೇಕೇ ಬೇಕಿತ್ತು. ಯಾಕಂದರೆ ನನ್ನ ಓದು ಒಂಬತ್ತಕ್ಕೆ ಮುಗಿಯುವುದು ಅಂತ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಅಪ್ಪ ಪಂಪಣ್ಣ ಅದಿರು ಲಾರಿಗಳಿಗೆ ತಾಡಪಾಲು ಕಟ್ಟುತ್ತಿದ್ದ. ಹಿಂದಿನ ವರ್ಷ ಲಾರಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಮನೆಗೆ ದುಡಿಯುವ ಕೈ ಅಂದರೆ ಅವ್ವ ಭರಮಮ್ಮನವು ಮಾತ್ರ. ಅವ್ವ ಪ್ಲಾಟಿನಲ್ಲಿ ಸುತ್ತಿಗೆ ಹಿಡಿದು ಅದಿರಿನ ಗಡ್ಡೆ ಒಡೆಯುತ್ತಿದ್ದಳು. ಒಡೆದದ್ದನ್ನು ಜರಡಿ ಹಿಡಿಯುವುದು, ಪುಡಿ ಬೇರೆ, ಗಟ್ಟಿ ಬೇರೆ ಮಾಡುವುದು, ಬುಟ್ಟಿ ತಲೆಗೇರಿಸಿ ರಾಶಿಗೆ ಹಾಕುವುದು. ಸಂಜೆ ಮೂಗು ಸೀಟಿದರೆ ಕೆಂಪು, ಉಗುಳಿದರೆ ಕೆಂಪು. ಉಗುರು ಎರಡು ಉದುರಿಹೋಗಿದ್ದವು. ಮುಂದಿನ ಬೇಸಿಗೆಯಿಂದ ಅವಳ ಪಕ್ಕದ ಜರಡಿ ನನ್ನದು ಅಂತ ಪ್ಲಾಟಿನ ಮೇಸ್ತ್ರಿ ಜಂಬಪ್ಪ ಆಗಲೇ ಗುರುತು ಮಾಡಿಟ್ಟಿದ್ದ.

ಹೊಸಪೇಟೆಯ ಸೀಟು ಸಿಕ್ಕರೆ ಜರಡಿ ತಪ್ಪುತ್ತದೆ. ನಕ್ಷತ್ರ ಇದ್ದರೆ ಸೀಟು. ಹೆಸರಿದ್ದರೆ ನಕ್ಷತ್ರ.

ನಾನು ಸರ್ ಹತ್ತಿರ ಹೋಗಿ ಪುಟದಲ್ಲಿ ನನ್ನ ಹೆಸರು ಸೇರಿಸಿ ಅಂತ ಕೇಳಿದೆ. ಅವರು ನಕ್ಕು, ಮೊದಲು ಕೈ ಸ್ವಚ್ಛ ಮಾಡಿಕೊಂಡು ಬಾ, ಆಮೇಲೆ ನೋಡೋಣ ಅಂದರು.

ಅವ್ವ ಆ ಮಾತನ್ನು ನಂಬಿದಳು. ನಮ್ಮ ಜನರ ತಪ್ಪು ಅಂದರೆ ಇದೇ, ಯಾರು ಏನು ಹೇಳಿದರೂ ಅದರ ಅರ್ಥ ಅದೇ ಅಂದುಕೊಳ್ಳುತ್ತೇವೆ. ಧೂಳು ಅಂದರೆ ಧೂಳು ಅಂತ ತಿಳಿದಳು. ತಾಮ್ರದ ಕೊಡ ತಿಕ್ಕುವ ಹಾಗೆ ಹುಣಸೆಹಣ್ಣು ಉಪ್ಪು ಹಚ್ಚಿ ನನ್ನ ಅಂಗೈ ತಿಕ್ಕಿದಳು. ದಿನಾ ಸಂಜೆ ತಿಕ್ಕಿದಳು. ಗೆರೆ ಗೆರೆಯ ಒಳಗೆ ತೆಂಗಿನ ನಾರು ಹಾಕಿ ತಿಕ್ಕಿದಳು. ಚರ್ಮ ಸುಲಿಯಿತು. ಅನ್ನ ಕಲಸಿದರೆ ಉರಿ, ಪೆನ್ನು ಹಿಡಿದರೆ ಉರಿ. ನಾನು ಅಳುತ್ತಿದ್ದೆ. ಅವಳು ತಿಕ್ಕುತ್ತಾ, ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅನ್ನುತ್ತಿದ್ದಳು. ಅವಳ ಕೈಯ ಕೆಂಪು ನನಗೆ ಹತ್ತಬಾರದು ಅಂತ ತನ್ನ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದಳು. ಆ ಚೀಲ ನೆನೆದರೆ ನನಗೆ ಎಲ್ಲದಕ್ಕಿಂತ ಹೆಚ್ಚು ಸಂಕಟವಾಗುತ್ತದೆ.

ಕೈ ಬೆಳ್ಳಗಾಯಿತು. ಅವ್ವ ಕೆಲಸ ಬಿಟ್ಟು, ಒಗೆದ ಸೀರೆ ಉಟ್ಟು, ನನ್ನನ್ನು ಕರೆದುಕೊಂಡು ಶಾಲೆಗೆ ಬಂದಳು. ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದು ಸರ್‌ಗೆ ತೋರಿಸಿದಳು. ಸರ್ ಬಗ್ಗಿ ನೋಡಿದರು.

“ಸ್ವಚ್ಛ ಆಗ್ಯಾವ ಭರಮಮ್ಮ. ಖರೆ. ಆದ್ರ ನಾಳೆ ಮತ್ತ ಪ್ಲಾಟಿಗೆ ಹೊಕ್ಕಾಳಲ್ಲ.”

“ಕಳ್ಸಂಗಿಲ್ರಿ ಸರ. ಆಣಿ ಮಾಡಿ ಹೇಳ್ತೀನಿ.”

ಸರ್ ಅತ್ತ ಇತ್ತ ನೋಡಿದರು. ದನಿ ಇನ್ನೂ ಮೆತ್ತಗಾಯಿತು.

“ನಂದೇನಿಲ್ಲ ಬೇ. ಊರೋರು ಒಪ್ಪಬೇಕಲ್ಲ. ಅವ್ರ ಮಕ್ಳು ಕುಂದ್ರೋ ಕುರ್ಚಿ. ಮುಂದಿನ ವರ್ಷ ನೋಡಾಣ, ಹೋಗ್ ಬರ್ರಿ.”

ಅವ್ವ ನನ್ನ ಕೈ ಬಿಟ್ಟು ಗೇಟಿನ ಕಡೆ ನಡೆದಳು. ದಾರಿಯಲ್ಲಿ ಲಾರಿಗಳು ಹಾದುಹೋದವು, ಒಗೆದ ಸೀರೆ ಕೆಂಪಾಯಿತು, ಅವಳು ಸೆರಗು ಕೂಡ ಮುಚ್ಚಿಕೊಳ್ಳಲಿಲ್ಲ. ಕೇರಿಯ ಹತ್ತಿರ ಬಂದಾಗ ನನ್ನ ಸುಲಿದ ಅಂಗೈಯನ್ನು ತನ್ನ ಬರಿಗೈಯಲ್ಲಿ ಹಿಡಿದಳು.

“ಅದು ಧೂಳಲ್ಲ ಬಿಡವ್ವ. ಧೂಳಾಗಿದ್ರ ಹುಣಸಿಹಣ್ಣಿಗೆ ಹೋಗತಿತ್ತು.”

ಮೇಡಂ ಬರುವ ಹಿಂದಿನ ದಿನ ಸರ್ ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ನಾಳೆ ಐಶ್ವರ್ಯಳನ್ನೇ ಮೊದಲು ಕೂರಿಸುತ್ತೇನೆ, ನೀನು ಎಂದಿನ ಹಾಗೆ ಹಿಂದೆ ನಿಲ್ಲು ಅಂದರು. ಆಮೇಲೆ, ನಾಳೆ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಲ್ಲು, ಸದ್ದಾಗಬಾರದು ಅಂದರು.

ಸರ್‌ಗೆ ಗೊತ್ತಿತ್ತು. ವರ್ಷವಿಡೀ ಗೊತ್ತಿತ್ತು. ಯಾರ ಕುರ್ಚಿಯ ಹಿಂದೆ ಯಾರನ್ನು ನಿಲ್ಲಿಸಬೇಕು ಅಂತ ಅವರೇ ಲೆಕ್ಕ ಹಾಕಿ ನಿಲ್ಲಿಸುತ್ತಿದ್ದರು. ನಾನು ಕದ್ದು ಆಡುತ್ತಿದ್ದೇನೆ ಅಂದುಕೊಂಡಿದ್ದ ಆಟ ನನ್ನದಾಗಿರಲೇ ಇಲ್ಲ. ಅದೂ ಒಂದು ಜೀತ. ಇದು ಶಾಲೆಯ ಮಾನದ ಪ್ರಶ್ನೆ, ಎಲ್ಲ ಚೆನ್ನಾಗಿ ನಡೆದರೆ ನಿನಗೆ ಒಂದು ಒಳ್ಳೆಯ ಪೆನ್ನು ಕೊಡಿಸುತ್ತೇನೆ ಅಂದರು. ಹೂಂ ಅಂದೆನೋ ಇಲ್ಲವೋ ನೆನಪಿಲ್ಲ.

ಮರುದಿನ ಕೋಣೆ ಘಮ ಘಮ ಅನ್ನುತ್ತಿತ್ತು. ನಾವೇ ಫಿನಾಯಿಲ್ ಹಾಕಿ ಒರೆಸಿದ್ದೆವು. ಮೇಡಂ ಬಂದರು, ಜೊತೆಗೆ ಕಂಪನಿಯ ಇಬ್ಬರು, ಒಬ್ಬ ಫೋಟೋದವನು. ಊರಿನ ಹಿರಿಯರು ಗೋಡೆಗೆ ಒರಗಿ ನಿಂತರು, ಅವರಲ್ಲಿ ಐಶ್ವರ್ಯಳ ಅಪ್ಪ ಮಲ್ಲೇಶಪ್ಪನವರೂ ಇದ್ದರು. ಎಲ್ಲರಿಗೂ ಕೇಳಲಿ ಅಂತ ಅಂದು ಹೆಡ್‌ಫೋನು ತೆಗೆದು ಸ್ಪೀಕರ್ ಹಾಕಿದ್ದರು. ನಾನು ಐಶ್ವರ್ಯಳ ಹಿಂದೆ ಬರಿಗಾಲಲ್ಲಿ ನಿಂತೆ. ಟೈಲ್ಸು ತಣ್ಣಗಿತ್ತು.

ಚಿತ್ರ ಬಂತು. ಒಬ್ಬ ಹೆಂಗಸು ಬಾವಿಯಿಂದ ನೀರು ಸೇದುತ್ತಿದ್ದಾಳೆ. ಕೆಳಗೆ ನಾಲ್ಕು ವಾಕ್ಯ. ಉತ್ತರ ಎರಡನೆಯದು. ಐಶ್ವರ್ಯ ಕುರ್ಚಿಯನ್ನು ತುಸು ಹಿಂದಕ್ಕೆ ವಾಲಿಸಿದಳು.

ನನ್ನ ಕಾಲು ಮೇಲೇಳಲಿಲ್ಲ.

ಅದು ಯೋಚಿಸಿ ಮಾಡಿದ್ದು ಅಂತ ನಾನು ಹೇಳಲಾರೆ. ಕಾಲು ಎತ್ತಲು ಆಗಲಿಲ್ಲ. ಅವ್ವನ ಕೈಗೆ ಸುತ್ತಿದ್ದ ಪ್ಲಾಸ್ಟಿಕ್ ಚೀಲ ಕಣ್ಣ ಮುಂದೆ ಬಂತು. ಐಶ್ವರ್ಯ ಮತ್ತೆ ವಾಲಿದಳು. ಕಾದಳು. ಕೊನೆಗೆ ಯಾವುದನ್ನೋ ಒತ್ತಿದಳು. ಮೂಲೆಯ ಮುಖ ಬಾಯಿ ತೆರೆಯಿತು.

“ಟ್ರೈ ಅಗೇನ್.”

ಆ ಮುಖದ ದನಿ ನಾನು ಕೇಳಿದ್ದು ಅಂದೇ ಮೊದಲು. ವರ್ಷವಿಡೀ ನೋಡಿದ ಬಾಯಿ. ಎಷ್ಟು ಸಮಾಧಾನದ ದನಿ ಅದು! ಐಶ್ವರ್ಯ ಇನ್ನೊಂದು ಒತ್ತಿದಳು. ಟ್ರೈ ಅಗೇನ್. ಮೂರನೆಯದು ಒತ್ತಿದಳು. ಟ್ರೈ ಅಗೇನ್. ಮಲ್ಲೇಶಪ್ಪನವರು ಕೆಮ್ಮಿದರು. ಸರ್ ನನ್ನ ಕಡೆ ನೋಡಿದರು. ಕಣ್ಣಲ್ಲೇ ಒದಿ ಅಂದರು. ನಾನು ಅವರನ್ನೇ ನೋಡುತ್ತಾ ನಿಂತೆ. ಪಕ್ಕದ ಮಿಷನ್ನಿಗೆ ಹೋಗೋಣ ಬನ್ನಿ ಅಂತ ಸರ್ ಮೇಡಂ ಅವರನ್ನು ಕರೆದರು. ಅಲ್ಲಿ ಕುರ್ಚಿಯ ಹಿಂದೆ ಗಿರೀಶ ನಿಂತಿದ್ದ. ಅವನು ನನ್ನ ಕಾಲು ನೋಡಿದ, ನನ್ನ ಮುಖ ನೋಡಿದ. ಅವನ ಕಾಲೂ ಮೇಲೇಳಲಿಲ್ಲ. ಅಲ್ಲಿಯೂ ಟ್ರೈ ಅಗೇನ್. ಅದರ ಮುಂದಿನದರಲ್ಲೂ ಟ್ರೈ ಅಗೇನ್.

ಐಶ್ವರ್ಯಳಿಗೆ ಅಳು ಬಂತು. ಎದ್ದು ನಿಂತು, ಎಲ್ಲರ ಮುಂದೆ, ನನ್ನ ಕಡೆ ಕೈ ತೋರಿಸಿ, ದೂರು ಹೇಳುವ ಹಾಗೆ ಹೇಳಿಬಿಟ್ಟಳು.

“ಸರ್, ಗಾಯತ್ರಿ ಇವತ್ತು ಒದೀವಲ್ಲಳು.”

ಒದೆಯುವುದು ಅಂದರೆ ಏನು ಅಂತ ಮೇಡಂ ಕೇಳಿದರು. ಪಾಪ, ಐಶ್ವರ್ಯ ಎಲ್ಲ ಹೇಳಿದಳು. ಒಂದು ಅಂದರೆ ಮೊದಲನೆಯದು, ಎರಡು ಅಂದರೆ ಎರಡನೆಯದು. ಮೇಡಂ ನಮ್ಮನ್ನು ಅಂದು ಮೊದಲ ಸಲ ನೋಡಿದರು. ಕೈ ಹಿಂದೆ ಕಟ್ಟಿ ನಿಂತ ಒಂದು ಸಾಲು. ಇವರು ಯಾಕೆ ನಿಂತಿದ್ದಾರೆ ಅಂತ ಕೇಳಿದರು. ಸರ್ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅದರಲ್ಲಿ ಡಸ್ಟ್ ಅನ್ನುವ ಮಾತು ನನಗೆ ಅವರ ಬಾಯಿಯ ಆಕಾರ ನೋಡಿಯೇ ಗೊತ್ತಾಯಿತು.

ಮೇಡಂ ಚುರುಕಿನವರು. ನಗುತ್ತಾ ನನ್ನ ಭುಜ ಹಿಡಿದು, ಬಾಮ್ಮ, ನೀನೇ ಕೂತು ಮಾಡು ಅಂದರು. ಫೋಟೋದವನು ಓಡಿ ಬಂದ. ಖಾಲಿ ಕುರ್ಚಿ ನನ್ನ ಮುಂದೆ ಇತ್ತು. ವರ್ಷವಿಡೀ ಒದ್ದ ಕುರ್ಚಿ. ಕೂರಬೇಕು ಅಂತ ಮೈಯೆಲ್ಲಾ ಎಳೆಯಿತು. ಹೊಸಪೇಟೆಯ ಸೀಟು ಆ ಕುರ್ಚಿಯಲ್ಲಿ ಇತ್ತು ಅಂತ ನನಗೂ ಗೊತ್ತಿತ್ತು. ತಿರುಗಿ ನೋಡಿದೆ. ಗಿರೀಶ ಇನ್ನೂ ಕೈ ಹಿಂದೆ ಕಟ್ಟಿ ನಿಂತಿದ್ದ.

“ನಾ ಒಬ್ಬಾಕಿ ಕುಂದ್ರಂಗಿಲ್ರಿ ಮೇಡಂ. ನಿಂತೋರೆಲ್ಲಾ ಕುಂತ್ರ ನಾನೂ ಕುಂದರ್ತೀನಿ.”

ಮೇಡಂ ನಗು ನಿಲ್ಲಿಸಲಿಲ್ಲ. ಗಡಿಯಾರ ನೋಡಿಕೊಂಡರು. ತೋರಣಗಲ್ಲಿನಲ್ಲಿ ಇನ್ನೊಂದು ಶಾಲೆ ನೋಡುವುದಿದೆ, ಇದನ್ನು ಹೆಡ್ಮಾಸ್ಟರ ಜೊತೆ ಮಾತಾಡುತ್ತೇವೆ, ಮುಂದಿನ ಸಲ ಬರುವಾಗ ಎಲ್ಲ ಸರಿಯಾಗಿರಬೇಕು ಅಂದರು. ಚಾ ಕುಡಿದು ಹೊರಟುಹೋದರು. ಸೀಟು ಐಶ್ವರ್ಯಳಿಗೇ ಆಯಿತು. ನಕ್ಷತ್ರ ಇದ್ದದ್ದು ಅವಳ ಹೆಸರಿನ ಮುಂದೆ. ಪುಟದ ಪ್ರಕಾರ ಅದೇ ನ್ಯಾಯ.

ಕಾರು ಹೋದ ಮೇಲೆ ಹಾಲಸ್ವಾಮಿ ಸರ್ ಮೊದಲ ಸಲ ಕೂಗಿದರು. ನಾವೆಲ್ಲ ಶಾಲೆಯ ಮಾನ ತೆಗೆದವರು ಅಂದರು. ಇನ್ನು ಮೇಲೆ ನೋಡುವುದಕ್ಕೂ ಒಳಗೆ ಬರಬಾರದು, ಬೆಳಿಗ್ಗೆ ಬಂದು ಗುಡಿಸಿ ಒರೆಸಿ ಹೋಗುವುದು, ಅಷ್ಟೇ ಅಂದರು.

ಮರುದಿನ ಬೆಳಿಗ್ಗೆ ನಾವು ಗುಡಿಸಲು ಹೋಗಲಿಲ್ಲ.

ಸಭೆ ಮಾಡಿದ್ದಲ್ಲ, ಧಿಕ್ಕಾರ ಕೂಗಿದ್ದಲ್ಲ. ಕಸಬರಿಗೆ ಗೋಡೆಗೆ ಒರಗಿತ್ತು. ಯಾರೂ ಮುಟ್ಟಲಿಲ್ಲ. ಸರ್ ಊರಿನ ಹುಡುಗರಿಗೆ ಹೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಮಗಳು ಕಸಬರಿಗೆ ಹಿಡಿಯಲು ಶಾಲೆಗೆ ಬಂದಿಲ್ಲ ಅಂತ ಮಲ್ಲೇಶಪ್ಪನವರು ಗೇಟಿನಲ್ಲಿ ಕೂಗಾಡಿದರು. ಅವರ ಹಿಂದೆ ಉಳಿದ ಅಪ್ಪಂದಿರೂ ಬಂದರು. ಕೊನೆಗೆ ಸರ್ ತಾವೇ ಮೂಗಿಗೆ ಕರವಸ್ತ್ರ ಕಟ್ಟಿ ಒಂದೆರಡು ದಿನ ಗುಡಿಸಿದರು. ಆಮೇಲೆ ಸೊಂಟ ಹಿಡಿದುಕೊಂಡು ಅದನ್ನೂ ಬಿಟ್ಟರು.

ಧೂಳಿಗೆ ಇಷ್ಟು ಸಾಕಿತ್ತು. ಕಿಟಕಿಯ ಸಂದಿಯಿಂದ ಬಂತು, ಬಾಗಿಲ ಕೆಳಗಿಂದ ಬಂತು. ನೀಲಿ ಪರದೆ ಕೆಂಪಾಯಿತು, ಕೀಬೋರ್ಡಿನ ಮೇಲಿನ ಅಕ್ಷರ ಮುಚ್ಚಿಹೋದವು. ಆಮೇಲೆ ಒಂದೊಂದೇ ಮಿಷನ್ನು ಗೊರ ಗೊರ ಅಂತ ನಿಂತಿತು. ರಿಪೇರಿಗೆ ಬಂದ ಹೊಸಪೇಟೆಯವನು ಒಂದನ್ನು ಬಿಚ್ಚಿ, ಒಳಗಿಂದ ಧೂಳು ಊದಿ, ದಿನಾ ಒರೆಸದಿದ್ದರೆ ನಾನು ಮತ್ತೆ ಬರುವುದಿಲ್ಲ ಅಂತ ಹೇಳಿ ಹೋದ. ಧೂಳು ಧೂಳು ಅಂತ ನಮ್ಮನ್ನು ಹೊರಗಿಟ್ಟವರ ಕೋಣೆಗೆ ಕೊನೆಗೂ ಧೂಳು ಬಂತು. ಅಷ್ಟು ದಿನ ಅದನ್ನು ತಡೆದು ನಿಂತದ್ದು ನಾವು.

ಸುದ್ದಿ ಪ್ಲಾಟಿಗೆ ಹೋಯಿತು. ಕಂಪನಿಯ ಕೋಣೆ ಹಾಳು ಮಾಡಿದವಳ ತಾಯಿಗೆ ಕಂಪನಿಯ ಪ್ಲಾಟಿನಲ್ಲಿ ಕೆಲಸ ಯಾಕೆ ಅಂತ ಜಂಬಪ್ಪ ಮೇಸ್ತ್ರಿ ಎಲ್ಲರೆದುರು ಕೇಳಿದನಂತೆ. ಮಗಳಿಗೆ ಬುದ್ಧಿ ಹೇಳು, ನಾಳೆಯಿಂದ ಗುಡಿಸಲಿ, ಇಲ್ಲದಿದ್ದರೆ ಸುತ್ತಿಗೆ ಕೆಳಗಿಡು ಅಂದನಂತೆ. ಅವ್ವ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತಳು. ಅಪ್ಪ ಮಲಗಿದಲ್ಲೇ, ಹೋಗಿ ಗುಡಿಸಿಬಿಡು ಮಗಳೇ, ನಮ್ಮಂಥವರಿಗೆ ಇದೆಲ್ಲ ಯಾಕೆ ಅಂತ ಬೇಡಿಕೊಂಡ. ನನಗೆ ಹೆದರಿಕೆಯಾಯಿತು. ಗುಡಿಸುತ್ತೇನೆ ಬಿಡು ಅಂದೆ. ನಿಜವಾಗಿಯೂ ಅಂದೆ. ಅನ್ನದ ಮುಂದೆ ಕುರ್ಚಿ ಯಾವ ದೊಡ್ಡದು?

ಅವ್ವ ನನ್ನ ಕೈ ಎಳೆದುಕೊಂಡು ನೋಡಿದಳು. ಸುಲಿದ ಚರ್ಮದ ಜಾಗದಲ್ಲಿ ಹೊಸ ಚರ್ಮ ಬರುತ್ತಿತ್ತು.

“ಕಸಬರಗಿ ಮುಟ್ಟಿದಿ ಅಂದ್ರ ನನ್ನ ಮುಟ್ಟಬ್ಯಾಡ,” ಅಂದಳು. “ಸುತ್ತಿಗಿ ಇಡು ಅಂದ್ರ ಇಡ್ತೀನಿ. ಬಂಡ್ರಿ ಕಡಿ ಹೊಲದಾಗ ಕಳೇವು ತೆಗಿಯಾಕ ಹೊಕ್ಕೀನಿ.”

ಮರುದಿನ ಅವಳು ಪ್ಲಾಟಿಗೆ ಹೋಗಿ ಸುತ್ತಿಗೆ ಇಟ್ಟು ಬಂದಳು. ಅವಳ ಹಿಂದೆ ಗಿರೀಶನ ಅವ್ವ ಇಟ್ಟಳು. ಎಲ್ಲರೂ ಇಡಲಿಲ್ಲ. ಇಡದವರನ್ನು ನಾನು ಬೈಯುವುದಿಲ್ಲ. ಮನೆಯಲ್ಲಿ ಒಲೆ ಹಚ್ಚುವುದು ಕಷ್ಟವಾಯಿತು. ಅಜ್ಜಿ ನೀರಿಗೆ ಉಪ್ಪು ಹಾಕಿ, ಇದು ಸಾರು ಅಂತ ನಗಿಸಲು ನೋಡಿದಳು. ಯಾರಿಗೂ ನಗು ಬರಲಿಲ್ಲ.

ಫೌಂಡೇಶನ್ನಿನವರು ಮತ್ತೆ ಬರುವ ದಿನ ಗೊತ್ತಾಯಿತು. ಈ ಸಲ ಬೇರೆ ಜಿಲ್ಲೆಯ ಅತಿಥಿಗಳೂ ಬರುತ್ತಾರಂತೆ. ಒಂದು ಸಂಜೆ ಹಾಲಸ್ವಾಮಿ ಸರ್ ನಮ್ಮ ಕೇರಿಗೆ ಬಂದರು. ಅದೇ ಮೊದಲು. ಮನೆಯ ಮುಂದೆ ಬಂದು ನಿಂತರು. ಅವ್ವ ಗೋಣಿತಟ್ಟು ಹಾಸಿ ಕೂರಲು ಹೇಳಿದಳು. ಬೇಡ ಬೇಡ, ನಿಂತೇ ಮಾತಾಡುತ್ತೇನೆ ಅಂದರು.

“ಕುಂತು ಮಾತಾಡ್ರಿ ಸರ,” ಅಂದಳು ಅವ್ವ. “ಭಾಳ ಹೊತ್ತು ನಿಂತ್ರ ಕಾಲು ನೋಯ್ತಾವ. ನನ್ನ ಮಗಳನ್ನ ಕೇಳ್ರಿ.”

ಸರ್ ಕುಳಿತರು. ಬಿಳಿ ಪ್ಯಾಂಟು ಮಡಚಿಕೊಂಡು, ಗೋಣಿತಟ್ಟಿನ ತುದಿಯಲ್ಲಿ, ಆದರೂ ಕುಳಿತರು. ಕೇರಿಯ ಜನ ಸುತ್ತ ನಿಂತಿತು. ಸರ್ ಮಾತು ಎಲ್ಲಿಂದಲೋ ಶುರುಮಾಡಿ ಎಲ್ಲಿಗೋ ಹೋದರು. ಗುಡಿಸಿಕೊಡಿ, ಮತ್ತೆ ಒಳಗೆ ನಿಲ್ಲಲು ಬಿಡುತ್ತೇನೆ ಅಂತ ಅದರ ಸಾರ. ನಾನು ಅವ್ವನ ಪಕ್ಕದಲ್ಲಿದ್ದೆ. ಒಂದು ಹೆಜ್ಜೆ ಮುಂದೆ ಬಂದು ಹೇಳಿದೆ. ಪುಟದಲ್ಲಿ ನಮ್ಮೆಲ್ಲರ ಹೆಸರು ಮೊದಲು ಬರಬೇಕು. ಕುರ್ಚಿ ಸರದಿಯ ಮೇಲೆ. ಕಸಬರಿಗೆಯೂ ಸರದಿಯ ಮೇಲೆ, ಹಾಜರಿ ಕೂಗುವ ಸಾಲಿನಲ್ಲಿ, ಊರಿನವರೂ ಕೇರಿಯವರೂ. ಹೆಸರು, ಕುರ್ಚಿ ಆಗಬಹುದು, ಕಸಬರಿಗೆ ಊರಿನವರು ಒಪ್ಪುವುದಿಲ್ಲ ಅಂದರು ಸರ್. ಹಾಗಿದ್ದರೆ ಧೂಳೇ ಕೂತು ಇಂಗ್ಲಿಷ್ ಕಲಿಯಲಿ ಬಿಡಿ ಅಂದಳು ಅಜ್ಜಿ ಮುದುಕಮ್ಮ. ಕೇರಿ ಘೊಳ್ಳೆಂದು ನಕ್ಕಿತು. ಸರ್ ನಗಲಿಲ್ಲ. ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಹೂಂ ಅಂದರು.

ಊರಿನ ಕೆಲವರು ಮಕ್ಕಳನ್ನು ಬಿಡಿಸಿ ಬೇರೆ ಶಾಲೆಗೆ ಹಾಕಿದರು. ಉಳಿದವರು ಮುಖ ಸಿಂಡರಿಸಿಕೊಂಡು ಕಸಬರಿಗೆ ಹಿಡಿದರು. ಹಿಡಿಯಲು ಬರುತ್ತಿರಲಿಲ್ಲ, ಧೂಳನ್ನು ಈ ಮೂಲೆಯಿಂದ ಆ ಮೂಲೆಗೆ ಹಾರಿಸುತ್ತಿದ್ದರು. ಗಿರೀಶ ತೋರಿಸಿಕೊಟ್ಟ.

ಅವ್ವ ಪ್ಲಾಟು ಬಿಟ್ಟ ಮೇಲೆ ನನ್ನ ಜರಡಿಯ ಮಾತೂ ನಿಂತು, ನಾನು ಹತ್ತನೇ ಕ್ಲಾಸಿಗೆ ಬಂದಿದ್ದೆ. ಐಶ್ವರ್ಯ ಹೊಸಪೇಟೆಗೆ ಹೋಗಿದ್ದಳು. ಅವಳ ಕುರ್ಚಿ ಖಾಲಿ ಇತ್ತು. ನನ್ನ ಸರದಿ ಬಂದ ದಿನ ನಾನು ಅದರಲ್ಲಿ ಕುಳಿತೆ. ಕೈ ಎಲ್ಲಿಡಬೇಕು ಗೊತ್ತಾಗಲಿಲ್ಲ, ತಾವಾಗಿ ಹಿಂದೆ ಹೋದವು. ಎಳೆದು ಮುಂದೆ ತಂದೆ. ಕುರ್ಚಿಯ ಕಾಲನ್ನು ಮುಟ್ಟಿ ನೋಡಿದೆ. ನನ್ನ ಹೆಬ್ಬೆರಳು ಒದ್ದ ಜಾಗದಲ್ಲಿ ಬಣ್ಣ ಹೋಗಿತ್ತು. ಪುಟದಲ್ಲಿ ನನ್ನ ಹೆಸರು ಇತ್ತು. ಗಾಯತ್ರಿ. ಅದರ ಮುಂದೆ ಖಾಲಿ. ಒಂದು ನಕ್ಷತ್ರವೂ ಇಲ್ಲ.

ಹೆಡ್‌ಫೋನ್ ಹಾಕಿಕೊಂಡೆ. ಮುಖ ಬಾಯಿ ತೆರೆಯಿತು, ವಾಕ್ಯ ಹೇಳಿತು. ನನಗೆ ಆ ವಾಕ್ಯ ಗೊತ್ತಿತ್ತು. ಬಾಯಿಯ ಆಕಾರ ಗೊತ್ತಿತ್ತು. ಕಟ್ಟೆಯ ಮೇಲೆ ಕೂತು ಎಷ್ಟು ಸಲ ಮಾಡಿರಲಿಲ್ಲ? ಆದರೆ ಸದ್ದು ನಾನು ತಿಳಿದ ಹಾಗಿರಲಿಲ್ಲ. ಮೈಕನ್ನು ಹತ್ತಿರ ಎಳೆದು ಹೇಳಿದೆ. ನನ್ನ ದನಿ ಒಡೆದು ಹೊರಟಿತು.

ಮುಖ ನನ್ನನ್ನೇ ನೋಡಿತು.

“ಟ್ರೈ ಅಗೇನ್.”

ಅದು ನನ್ನ ತಪ್ಪು. ಬೇರೆ ಯಾರ ಹೆಸರಿಗೂ ಹೋಗದೆ, ನನ್ನ ಹೆಸರಿನಲ್ಲೇ ಬಿದ್ದ ನನ್ನ ಮೊದಲ ತಪ್ಪು. ತಿರುಗಿ ನೋಡಿದೆ. ನನ್ನ ಕುರ್ಚಿಯ ಹಿಂದೆ ಯಾರೂ ನಿಂತಿರಲಿಲ್ಲ.

ಎರಡೂ ಕಾಲು ನೆಲಕ್ಕೆ ಊರಿ, ಮೈಕಿಗೆ ಬಾಯಿ ಕೊಟ್ಟು, ಮತ್ತೆ ಹೇಳಿದೆ.